ವಾಹನಾಂತರ್ಗತ ಚಿತ್ರಯಂತ್ರ ಮೀಮಾಂಸೆ: ಪಂಚತಾಲ್ಲೂಕು ಖಂಡ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಹವ್ಯಾಸಿ ಮೋಟಾರು ಕ್ರೀಡೆಗೆ ಕಡಿಮೆ ದುಡ್ಡಿನ ಕ್ಯಾಮೆರಾ ಆರಿಸುವುದು ಹೇಗೆಂಬ ನಿರ್ಣಯವೇ ಈ ಗ್ರಂಥದ ವಿಷಯ. ‘ಅಲ್ಲಿ ಮೋಟಾರು ಕ್ರೀಡೆ ಎಲ್ಲೈತ್ರೀ?’ ಎಂದು ಹೊಸಪೇಟೆ ಕಡೆಯವರು ಕೇಳುವುದುಂಟು. ಇದು ಪೂರ್ವಪಕ್ಷ. ಇದರ ಖಂಡನೆ ಸುಲಭ. ನಮ್ಮಲ್ಲಿ ಗಾಡಿಗಳಿರಲಿ, ತಾಲ್ಲೂಕುಗಳೇ ಓಡುತ್ತವೆ. 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಹೊರಟ ಹರಪನಹಳ್ಳಿ ದಾವಣಗೆರೆ ಮುಟ್ಟಿತು. ಅಲ್ಲಿ ಎರಡು ದಶಕ ಸುಧಾರಿಸಿಕೊಂಡು ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಹೊರಳಿತು. ಇಷ್ಟು ದೊಡ್ಡ ಸುತ್ತನ್ನು ಒಂದು ಟೈರೂ ಬದಲಿಸದೆ ಮುಗಿಸಿದ ತಾಲ್ಲೂಕು ಬೇರೆ ಎಲ್ಲಿದೆಯೋ ನಾನರಿಯೆ. ಒಳಗೆ ಕೂತ ಜನಕ್ಕೆ ಮಾತ್ರ ಓಡಿದ್ದು ತಿಳಿಯಲಿಲ್ಲ, ಕಚೇರಿಗೆ ಅರ್ಜಿ ಹಿಡಿದು ಹೋದಾಗ ತಿಳಿಯಿತು. ಗಾಡಿಯೊಳಗೊಂದು ಕ್ಯಾಮೆರಾ ಬೇಕೆಂಬುದಕ್ಕೆ ಇದೇ ಮೊದಲ ದೃಷ್ಟಾಂತ.

ಇನ್ನು ಲಕ್ಷಣ. ‘ಎಂಜಿನುಳ್ಳ ಗಾಡಿಯಲ್ಲಿ ಇನ್ನೊಬ್ಬನಿಗಿಂತ ಮುಂಚೆ ಮುಟ್ಟಬೇಕೆಂಬ ಹಟವೇ ಮೋಟಾರು ಕ್ರೀಡೆ’ ಎಂದರೆ ಅತಿವ್ಯಾಪ್ತಿ. ಮುಂದಿನ ಸ್ಟಾಪಿನ ಪ್ಯಾಸೆಂಜರಿಗಾಗಿ ಪೈಪೋಟಿಗೆ ಬಿದ್ದ ಪ್ರೈವೇಟ್ ಬಸ್ಸುಗಳೆಲ್ಲ ಅದರೊಳಗೆ ನುಗ್ಗಿಬಿಡುತ್ತವೆ. ‘ಬಹುಮಾನಕ್ಕಾಗಿ ಓಡಿಸುವುದು’ ಎಂದರೆ ಅವ್ಯಾಪ್ತಿ; ನಮ್ಮಲ್ಲಿ ಗೆದ್ದವನೇ ಉಳಿದವರಿಗೆ ಮಂಡಕ್ಕಿ ಮಿರ್ಚಿ ಕೊಡಿಸಬೇಕಾದ್ದರಿಂದ ಗೆಲ್ಲುವುದು ದಂಡ. ‘ಹೆಲ್ಮೆಟ್ ಹಾಕಿಕೊಂಡು ಓಡಿಸುವುದು’ ಎಂದರೆ ಅಸಂಭವ. ಆದ್ದರಿಂದ ಪರಿಷ್ಕೃತ ಲಕ್ಷಣ ಹೀಗೆ: ಓಟ ಮುಗಿದ ಮೇಲೂ ಮುಗಿಯದ ವಾದಕ್ಕೆ ಕಾರಣವಾಗುವ ಓಟವೇ ಮೋಟಾರು ಕ್ರೀಡೆ.

ನನ್ನ ಅಳಿಯನ ಓಟ ಈ ಲಕ್ಷಣಕ್ಕೆ ಪೂರ್ತಿ ಒಪ್ಪುತ್ತದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್ಯಾಲಿ ಮುಗಿಸಿದ ಮೊದಲ ಭಾರತೀಯ ಎಂಬುದು ಅವನಿಗೆ ಬಾಯಿಪಾಠ. 2019ರಲ್ಲಿ ಅದನ್ನೇ ಮುಗಿಸಿದ ಉಡುಪಿಯ ಕೆ.ಪಿ. ಅರವಿಂದ್ ಅವರ ಫೋಟೊ ಅವನ ಮೊಬೈಲಿನ ಮೇಲಿದೆ. ಅವನ ಬಳಿ ಇರುವುದು ಮೂರು ಕೈ ದಾಟಿ ಬಂದ ಒಂದು ಜೀಪು. ರಸ್ತೆಯಲ್ಲಿ ಓಡಿಸಲಾಗದು. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಅಪ್ಪಣೆಯಿಲ್ಲದ ಪಂದ್ಯವನ್ನು ಅಪರಾಧವೆನ್ನುತ್ತದೆ. ಅದಕ್ಕಿಂತ ದೊಡ್ಡ ಅಡ್ಡಿಯೆಂದರೆ ಸುಗ್ಗಿಯಲ್ಲಿ ನಮ್ಮ ರಸ್ತೆ ರಸ್ತೆಯಾಗಿರುವುದಿಲ್ಲ, ಕಣವಾಗಿರುತ್ತದೆ. ಹುರುಳಿಯನ್ನೋ ನವಣೆಯನ್ನೋ ಟಾರಿನ ಮೇಲೆ ಹರವಿದ ರೈತನ ಕಣ್ಣಲ್ಲಿ ಹೋಗಿ ಬರುವ ಗಾಡಿಗಳೆಲ್ಲ ಬಾಡಿಗೆಯಿಲ್ಲದ ರೋಣಗಲ್ಲುಗಳು. ರೋಣಗಲ್ಲು ಎಲ್ಲಾದರೂ ಪಂದ್ಯ ಕಟ್ಟುತ್ತದೆಯೇ? ಹಾಗಾಗಿ ಅಳಿಯ ಮತ್ತು ಅವನ ಗೆಳೆಯರು ಮೆಕ್ಕೆಜೋಳ ಮುರಿದು ಬೀಡುಬಿದ್ದ ತಮ್ಮದೇ ಹೊಲದಲ್ಲಿ ಸುತ್ತು ಹೊಡೆಯುತ್ತಾರೆ. ಓಟ ಹತ್ತು ನಿಮಿಷ, ವಾದ ಹತ್ತು ದಿನ. ಆ ವಾದದಲ್ಲಿ ಇದುವರೆಗೆ ಚಲಾವಣೆಯಲ್ಲಿದ್ದುದು ಶಬ್ದ ಪ್ರಮಾಣವೊಂದೇ, ಅಂದರೆ ಯಾರ ಗಂಟಲು ದೊಡ್ಡದೋ ಅವನ ಮಾತು. ಪ್ರತ್ಯಕ್ಷ ಪ್ರಮಾಣ ಬೇಕೆಂದು ಅಳಿಯ ಹಟ ಹಿಡಿದಾಗ ಈ ಶಾಸ್ತ್ರ ಹುಟ್ಟಿತು.

ಇಂಥ ಕಡೆ ಸಂಜಯನನ್ನು ಎಳೆದು ತರುವುದು ವಾಡಿಕೆ. ನಾನು ತರಲಾರೆ. ಅವನು ದೂರದಲ್ಲಿ ಅರಮನೆಯಲ್ಲಿ ಕೂತು ನೋಡಿದವನು, ಗಾಡಿಯೊಳಗಿನ ಸಾಕ್ಷಿಯಲ್ಲ. ಅರ್ಜುನನ ರಥದ ಧ್ವಜದಲ್ಲಿ ಕೂತಿದ್ದ ಹನುಮಂತನೇ ಈ ಶಾಸ್ತ್ರದ ಆದಿಪುರುಷ: ಎತ್ತರದ ಜಾಗ, ಭದ್ರವಾದ ಹಿಡಿತ, ಬ್ಯಾಟರಿಯ ಚಿಂತೆಯಿಲ್ಲ. ಅವನಾದ ಮೇಲೆ ಬಹುಕಾಲ ಹೇಳಿಕೊಳ್ಳುವಂಥದ್ದು ನಡೆಯಲಿಲ್ಲ. 1979ರಲ್ಲಿ ಆಸ್ಟ್ರೇಲಿಯಾದ ಬಾತರ್ಸ್ಟ್ ಪಂದ್ಯದಲ್ಲಿ ಪೀಟರ್ ವಿಲಿಯಮ್ಸನ್ ಎಂಬವರ ಟೊಯೊಟಾ ಸೆಲಿಕಾ ಕಾರಿನೊಳಗೆ ಟಿವಿಯವರು ಕ್ಯಾಮೆರಾ ಕೂರಿಸಿ ಮನೆಮನೆಗೆ ತೋರಿಸಿದರು. ಅದಕ್ಕೂ ಮುಂಚೆ, 1976ರಲ್ಲಿ, ಫ್ರಾನ್ಸಿನ ಕ್ಲೋದ್ ಲಲೂಶ್ ತಮ್ಮ ಮರ್ಸಿಡಿಸ್ ಕಾರಿನ ಮುಂದೆ, ನೆಲಕ್ಕೆ ಹತ್ತಿರವಾಗಿ ಕ್ಯಾಮೆರಾ ಬಿಗಿದು, ಬೆಳಗಿನ ಜಾವದ ಪ್ಯಾರಿಸ್ಸಿನಲ್ಲಿ ಸುಮಾರು 8 ನಿಮಿಷ ಸಿಗ್ನಲ್ಲು ಲೆಕ್ಕಿಸದೆ ಓಡಿಸಿದರು. ಆಮೇಲೆ ಅದಕ್ಕೆ ಫೆರಾರಿಯ ಸದ್ದು ಕೂಡಿಸಿದರು. ಕಾರು ಒಂದು, ಗಂಟಲು ಇನ್ನೊಂದು. ಓದುಗರು ಇದನ್ನು ನೆನಪಿನಲ್ಲಿಡಬೇಕು.

ಬೆಲೆಯ ವಿಚಾರ. ಹೆಸರುವಾಸಿ ಗೋಪ್ರೊದಂಥ ಆಕ್ಷನ್ ಕ್ಯಾಮೆರಾ 40,000 ರೂಪಾಯಿಯ ಆಸುಪಾಸು. ನಮ್ಮ ನಾಣ್ಯಕ್ಕೆ ಇದನ್ನು ಬದಲಿಸೋಣ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ಬೆಲೆ ಕೈಗೆ ಸಿಕ್ಕರೆ (ಸಿಗುವ ಬಗೆ ಬೇರೊಂದು ಗ್ರಂಥದ ವಿಷಯ, ಅದು ಇದಕ್ಕಿಂತ ದಪ್ಪ) ಸುಮಾರು 17 ಕ್ವಿಂಟಲ್. ಒಂದು ಕ್ಯಾಮೆರಾಕ್ಕೆ 17 ಕ್ವಿಂಟಲ್ ಎಂದೊಡನೆ ಅಕ್ಕ ಒಳಗಿನಿಂದಲೇ ‘ಅವನಿಗೆ ತಲಿ ಕೆಟ್ಟೈತಿ, ನಿನಗೇನಾಗೇತೋ?’ ಎಂದಳು. ಹೀಗೆ ಆ ಪಕ್ಷ ಬಿದ್ದುಹೋಯಿತು. ಉಳಿದವು ಎರಡು ಜಾತಿ: ನಾಲ್ಕೈದು ಸಾವಿರದ ಆಕ್ಷನ್ ಕ್ಯಾಮೆರಾ, ಹೆಚ್ಚುಕಮ್ಮಿ ಅಷ್ಟೇ ದುಡ್ಡಿನ ಡ್ಯಾಶ್‌ಕ್ಯಾಮ್.

ಅಂಗಡಿಯವರು ಪಿಕ್ಸೆಲ್ ಎಣಿಸುತ್ತಾರೆ. ಎಣಿಸಲಿ. ನಮ್ಮ ಸೀಮೆಯಲ್ಲಿ ಕ್ಯಾಮೆರಾದ ಹಣೆಬರಹ ಬರೆಯುವುದು ಬಿಸಿಲು. ಏಪ್ರಿಲಿನಲ್ಲಿ ನೆರಳಲ್ಲೇ 40 ಡಿಗ್ರಿ ಆದಾಗ, ಗಾಜಿನ ಹಿಂದೆ ಕೂತ ಲೀಥಿಯಂ ಬ್ಯಾಟರಿ ಹಬ್ಬದ ಪೂರಿಯಂತೆ ಉಬ್ಬುತ್ತದೆ. ಬ್ಯಾಟರಿಯ ಬದಲು ಸೂಪರ್ ಕೆಪ್ಯಾಸಿಟರ್ ಇರುವ ಡ್ಯಾಶ್‌ಕ್ಯಾಮ್ ಬಿಸಿಗೆ ಹೆಚ್ಚು ತಾಳುತ್ತದೆ, ಆದರೆ ಗಾಡಿಯ ಕರೆಂಟು ನಿಂತೊಡನೆ ಅದೂ ಕಣ್ಣು ಮುಚ್ಚುತ್ತದೆ. ಗಾಜಿಗೆ ಅಂಟುವ ರಬ್ಬರ್ ಬಟ್ಟಲಂತೂ ಹೊಲದ ಧೂಳು ಕಂಡರೆ ನೆಲಕ್ಕೆ ಹಾರುತ್ತದೆ. ಕಬ್ಬಿಣದ ಪೈಪಿಗೆ ಕ್ಲಾಂಪು ಹಾಕಿ, ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ, ತೋಳನ್ನು ಆದಷ್ಟು ಗಿಡ್ಡ ಮಾಡಿ ಬಿಗಿಯುವುದೇ ಉತ್ತಮ. ಅಗ್ಗದ ಕ್ಯಾಮೆರಾ ಚಿತ್ರವನ್ನು ಗೆರೆಗೆರೆಯಾಗಿ ಮೇಲಿಂದ ಕೆಳಕ್ಕೆ ಓದುತ್ತದೆ; ಓದಿ ಮುಗಿಸುವಷ್ಟರಲ್ಲಿ ಜೀಪು ನಡುಗಿದರೆ ಎದುರಿನ ಬೇವಿನಮರ ಅಂಬಲಿಯಂತೆ ತುಳುಕುತ್ತದೆ. ಕೊನೆಯದಾಗಿ, ಕ್ಯಾಮೆರಾಕ್ಕೊಂದು ಉಡದಾರ ಕಟ್ಟತಕ್ಕದ್ದು. ಕ್ಲಾಂಪು ಕೈಕೊಟ್ಟರೂ ಅದು ಓಡಿಸುವವನ ಹಣೆಗೆ ಬಡಿಯಬಾರದು.

ಜಿ-ಸೆನ್ಸರ್ ಎಂಬ ಇಂದ್ರಿಯದ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ಡ್ಯಾಶ್‌ಕ್ಯಾಮ್ ಹಳೆಯ ಚಿತ್ರವನ್ನು ಅಳಿಸುತ್ತ ಹೊಸದನ್ನು ಬರೆಯುತ್ತದೆ; ಜೋರಾಗಿ ಧಕ್ಕೆ ಬಿದ್ದರೆ ಅಪಘಾತವೆಂದು ತಿಳಿದು ಆ ತುಂಡಿಗೆ ಬೀಗ ಹಾಕಿ ಕಾಪಾಡುತ್ತದೆ. ಇದನ್ನು ರಚಿಸಿದವರು ನಮ್ಮ ಕಡೆ ಬಂದಿರಲಾರರು. ಹೊಲಕ್ಕೆ ಹೋಗುವ ದಾರಿಯಲ್ಲೇ ಅಳಿಯನ ಕ್ಯಾಮೆರಾ ಪ್ರತಿ ಗುಂಡಿಯನ್ನೂ ಅಪಘಾತವೆಂದು ಭಾವಿಸಿ ಬೀಗ ಜಡಿಯಿತು. ಓಟ ಶುರುವಾಗುವಷ್ಟರಲ್ಲಿ ಕಾರ್ಡಿನ ತುಂಬ ಗುಂಡಿಗಳು. ಲೋಕೋಪಯೋಗಿ ಇಲಾಖೆಗೆ ಅಮೂಲ್ಯ ಆಕರ, ಪಂದ್ಯಕ್ಕೆ ಶೂನ್ಯ. ಸೆನ್ಸರನ್ನು ಆದಷ್ಟು ಮಂದ ಮಾಡಬೇಕು, ಆಗದಿದ್ದರೆ ಕೊಲ್ಲಬೇಕು.

ಸದ್ದಿನ ಪ್ರಕರಣ ಚಿಕ್ಕದು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ನೆರೆದ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ, ಒಂದು ಸಾಲಿನ ಕಾರಣಿಕ ಎಲ್ಲರಿಗೂ ಕೇಳುತ್ತದೆ. ಗಾಳಿಗೆ ಹಾಗೆ ಹೇಳುವವರಿಲ್ಲ. ಕಿಟಕಿ ತೆರೆದ ಜೀಪಿನಲ್ಲಿ ಕ್ಯಾಮೆರಾದ ಮೈಕು ಹಿಡಿಯುವುದು ಮೊರದಲ್ಲಿ ಕಾಳು ಕೇರುವ ಸದ್ದೊಂದನ್ನೇ. ಮೈಕಿಗೆ ಸ್ಪಂಜು ಹಚ್ಚಬಹುದು. ಅಳಿಯ ಹಚ್ಚಲಿಲ್ಲ.

ಹೊರಗಿನಿಂದ ಮೊಬೈಲು ಹಿಡಿದರೆ ಸಾಲದೇ ಎನ್ನುವವರಿಗೆ ಕೊಟ್ಟೂರೇ ಉತ್ತರ. 2017ರ ಫೆಬ್ರವರಿಯಲ್ಲಿ ಗುರುಬಸವೇಶ್ವರನ ತೇರಿನ ಅಚ್ಚು ಮುರಿದು ತೇರು ಉರುಳಿದ್ದನ್ನು ಹೊರಗಿನ ಮೊಬೈಲುಗಳು ಕಂಡವು. ಉರುಳಿದ್ದನ್ನು ಕಂಡವೇ ಹೊರತು ಅಚ್ಚು ಮುರಿದ ಗಳಿಗೆಯನ್ನಲ್ಲ. ಹೊರಗಣ್ಣಿಗೆ ಕಾಣುವುದು ಫಲ, ಕಾರಣ ಒಳಗಿರುತ್ತದೆ.

ಇನ್ನು ಪ್ರಯೋಗದ ಫಲ. ಅಳಿಯ ಕೊಂಡದ್ದು ಜಿಪಿಎಸ್ ಇರುವ ಡ್ಯಾಶ್‌ಕ್ಯಾಮ್, 64 ಜಿಬಿ ಕಾರ್ಡು. ಸೆಕೆಂಡಿಗೆ 16 ಮೆಗಾಬಿಟ್ ಲೆಕ್ಕದಲ್ಲಿ ಅದರಲ್ಲಿ 8 ಗಂಟೆಗೂ ಮಿಕ್ಕಿದ ಚಿತ್ರ ಹಿಡಿಯುತ್ತದೆ, ಅಂದರೆ ಓಟಕ್ಕೆ ಹತ್ತು ನಿಮಿಷ ಕಳೆದರೂ ವಾದಕ್ಕೆ ಧಾರಾಳ ಜಾಗ. ಗುಂಡಿಗಳನ್ನು ಅಳಿಸಿ, ಸೆನ್ಸರಿನ ಕಥೆ ಮುಗಿಸಿ, ಓಟ ನಡೆಸಿ, ರಾತ್ರಿ ಎಲ್ಲರೂ ಸೇರಿ ನೋಡಿದೆವು. ಪರದೆಯ ನಡುವೆ, ಹಿಂದಿನ ಮಾಲೀಕ ಕನ್ನಡಿಗೆ ಕಟ್ಟಿದ್ದ ಕೆಂಪು ಆಂಜನೇಯ ತೂಗುತ್ತಿದ್ದ. ಅವನ ಎಡಕ್ಕೆ ಒಣಗಿದ ನಿಂಬೆಹಣ್ಣು, ಬಲಕ್ಕೆ ಧೂಳು. ಆದಿಪುರುಷನೇ ಅಡ್ಡ ನಿಂತರೆ ಯಾರಿಗೆ ದೂರುವುದು? ಕೆಳಗಿನ ಮೂಲೆಯಲ್ಲಿ ಮಾತ್ರ ವೇಗ ಸ್ಪಷ್ಟವಾಗಿ ಕಾಣುತ್ತಿತ್ತು: 38. ಇಷ್ಟು ದಿನ ಅಳಿಯ ಹೇಳುತ್ತಿದ್ದುದು 90. ಅವನು ಗೆಳೆಯನ ಜೀಪನ್ನು ಹಿಂದೆ ಹಾಕಿದ ತಿರುವಿಗೆ ಬಂದೆವು. ಅಲ್ಲಿಗೆ ಮೂರು ನಿಮಿಷದ ತುಂಡು ಮುಗಿಯಿತು. ಮುಂದಿನ ತುಂಡು ಶುರುವಾಗುವ ನಡುವೆ ಎರಡು ಸೆಕೆಂಡು ಮಾಯ. ಆ ಎರಡು ಸೆಕೆಂಡಿನ ಮುಂಚೆ ಅವನು ಹಿಂದಿದ್ದ, ಆಮೇಲೆ ಮುಂದಿದ್ದ.

‘ನಾ ಬಿಟ್ಕೊಟ್ಟಿದ್ದಲೇ’ ಎಂದ ಗೆಳೆಯ.

ಪ್ರತ್ಯಕ್ಷ ಸೋತಲ್ಲಿ ಶಬ್ದ ಪ್ರಮಾಣ ಮತ್ತೆ ಸಿಂಹಾಸನವೇರಿತು. ವಾದ ನಡುರಾತ್ರಿ ದಾಟಿತು.

ಮರುದಿನ ಅಳಿಯನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ 30 ಸೆಕೆಂಡಿನ ಚಿತ್ರ ಬಂತು. ಮೂಲೆಯ 38ರ ಮೇಲೊಂದು ಬೆಂಕಿಯ ಗುರುತು ಅಂಟಿಸಿದ್ದ. ಜೀಪು ಮಾತ್ರ ಭೂಮಿ ಬಿರಿಯುವಂತೆ ಗರ್ಜಿಸುತ್ತಿತ್ತು. ಲಲೂಶರ ಹೆಸರು ಅವನು ಕೇಳಿದವನಲ್ಲ, ನಾನೂ ಹೇಳಿರಲಿಲ್ಲ. ಫೋನು ಹಚ್ಚಿ ಎಂಜಿನ್ ಸದ್ದು ಯಾರದೆಂದು ಕೇಳಿದೆ.

‘ನಮ್ಮ ಪಕ್ಕದ ಹೊಲದಾಗ ಬೋರ್ ಹಾಕ್ಸಾಕತ್ತಾರಲ್ಲ ಮಾವ,’ ಎಂದ, ‘ಆ ಲಾರೀದು.’