ಓನರ್ ಸಾರ್‌ಗೆ ಕೆಳಮನೆ ಹೂಡಿಕೆದಾರನ ಪತ್ರ

ಸನ್ಮಾನ್ಯ ಓನರ್ ಸಾರ್ ಅವರಿಗೆ (ಪ್ರತಿ: ಬೆಂಗಳೂರಿನ ಸಮಸ್ತ ಓನರುಗಳಿಗೆ),

ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ನೀವು ತೋಡಿಕೊಳ್ಳುವ ಕಷ್ಟ ಕೇಳಿ ನನ್ನ ಕರುಳು ಚುರುಕ್ ಎನ್ನುತ್ತದೆ. ಸೈಟು, ಕಟ್ಟಡ ಸೇರಿ ನಾಲ್ಕು ಕೋಟಿಯ ಆಸ್ತಿ. ನಾಲ್ಕು ಮನೆಯಿಂದ ಬರುವುದು ತಿಂಗಳಿಗೆ ಬರೀ ಒಂದು ಲಕ್ಷ. ವರ್ಷಕ್ಕೆ ಶೇ 3. ಎಫ್‌ಡಿ ಇಟ್ಟಿದ್ದರೆ ಇದರ ಎರಡರಷ್ಟು ಬಡ್ಡಿ ಬರುತ್ತಿತ್ತು. ನಲ್ಲಿ ಸೋರುತ್ತಿದೆ ಎಂದು ಎಫ್‌ಡಿ ಫೋನ್ ಮಾಡುತ್ತಲೂ ಇರಲಿಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ ಸಾರ್. ಅಡ್ವಾನ್ಸು. ಮನೆಗೆ ಹತ್ತು ತಿಂಗಳ ಬಾಡಿಗೆಯಂತೆ ಎರಡೂವರೆ ಲಕ್ಷ. ಬಡ್ಡಿ ಇಲ್ಲ, ಅಡಮಾನ ಇಲ್ಲ, ಸಿಬಿಲ್ ಸ್ಕೋರ್ ಕೇಳುವವರಿಲ್ಲ. ಯಾವ ಬ್ಯಾಂಕೂ ಕೊಡದ ಈ ಸಾಲವನ್ನು ನಾವು ಕೈಕಟ್ಟಿ ನಿಂತು ಕೊಟ್ಟೆವು. ಸಾಲ ತೆಗೆದುಕೊಳ್ಳುವವರು ಸಾಲ ಕೊಡುವವರನ್ನು ಸೋಫಾದ ತುದಿಯಲ್ಲಿ ಕೂರಿಸಿ 'ಯಾವ ಊರು, ಯಾವ ಜನ, ಮೊಟ್ಟೆನಾದ್ರೂ ತಿಂತೀರಾ, ಊರಿಂದ ನೆಂಟರು ಜಾಸ್ತಿ ಬರ್ತಾರಾ' ಎಂದು ವಿಚಾರಿಸುವ ಪದ್ಧತಿ ಬೇರೆ ಯಾವ ವ್ಯವಹಾರದಲ್ಲೂ ಇರಲಾರದು.

ಮೊದಲ ಮೂರು ಮನೆಯ ಏಳೂವರೆ ಲಕ್ಷ ಎಲ್ಲಿ ಹೋಯಿತು ಎಂದು ನಾನು ಕೇಳುವುದಿಲ್ಲ. ಬೆಳಗಿನ ಆರಕ್ಕೇ ಸೆಂಟ್ರಿಂಗ್ ಹಲಗೆ ಬಡಿಯುವ ಸದ್ದಿನಲ್ಲಿ ಅದು ನನಗೆ ಕೇಳಿಸಿದೆ. 30x40 ಸೈಟಿನಲ್ಲಿ, ಮಂಜೂರಾದ ನಕ್ಷೆಯಲ್ಲಿ ಇಲ್ಲದ ಮೂರನೇ ಮಹಡಿ ಎದ್ದಿತು. ಅಲ್ಲಿಗೆ ಬಂದ ಹೊಸ ದಂಪತಿಯ ಅಡ್ವಾನ್ಸು ಕೈಸೇರಿದ ಮೇಲೆಯೇ, ಮನೆ ಬಿಟ್ಟು ತಿಂಗಳುಗಳಾಗಿದ್ದ ಮೊದಲ ಮಹಡಿಯವರಿಗೆ ಅವರ ದುಡ್ಡು ಸಿಕ್ಕಿತು. ಈಗ ಹೇಳಿ ಸಾರ್, ರಿಯಲ್ ಎಸ್ಟೇಟ್ ಹೂಡಿಕೆದಾರ ಯಾರು? ನನ್ನ ಹೆಸರಿನ ಒಂದು ಸಣ್ಣ ಕಲ್ಲನ್ನಾದರೂ ಮೆಟ್ಟಿಲ ಬಳಿ ಹಾಕಿಸಬಹುದಿತ್ತು.

ಕಾನೂನಿನ ಭಯ ನಿಮಗೆ ಬೇಡ. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಕೂಡದು ಎಂದು ಕೇಂದ್ರ ಬರೆದಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ಒಪ್ಪಿಕೊಂಡರೆ ಉಂಟು. ನಮ್ಮದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಿಲ್ಲ. ಆ ದರಕ್ಕೆ ಇವತ್ತು ಕಾರು ನಿಲ್ಲಿಸಲು ಜಾಗ ಸಿಕ್ಕಿದರೆ ಪುಣ್ಯ. ಕರಾರು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕೆಂದು ಹನ್ನೊಂದೇ ತಿಂಗಳಿಗೆ ಬರೆಸುತ್ತೀರಿ. ಅಲ್ಲೂ ನೀವೇ ಜಾಣರು.

ಇನ್ನು ನಾನು ಮನೆ ಬಿಡುವ ವಿಷಯ. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತೇನೆ ಎಂದಿದ್ದೀರಿ. ಬಾಡಿಗೆ ಆದಾಯದಲ್ಲಿ ಪಾಲಿಕೆ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 30ರಷ್ಟನ್ನು, ಒಂದು ಬಿಲ್ಲೂ ಕೇಳದೆ, ಆದಾಯ ತೆರಿಗೆ ಇಲಾಖೆ ನಿಮಗೆ ಬಿಟ್ಟುಕೊಡುತ್ತದೆ. ರಿಪೇರಿ, ಬಣ್ಣ ಎಲ್ಲ ಅದರಲ್ಲೇ ಬಂತು. ಅದಕ್ಕೆ ಮೊದಲು ಬಾಡಿಗೆ ಬರುತ್ತಿದೆ ಎಂದು ಒಪ್ಪಿಕೊಳ್ಳಬೇಕು, ಅದೇ ತೊಡಕು. ಎಚ್‌ಆರ್‌ಎಗಾಗಿ ನಿಮ್ಮ ಪ್ಯಾನ್ ನಂಬರ್ ಕೇಳಿದಾಗ ನೀವು 'ನಮ್ದೆಲ್ಲ ಹಳೇ ಕಾಲ, ಪ್ಯಾನ್ ಗೀನ್ ಇಲ್ಲಪ್ಪ' ಎಂದು ಕಾರಿನ ಕಿಟಕಿ ಏರಿಸಿದ್ದು ನೆನಪಿದೆ.

ಆದರೂ ಒಂದು ದಾರಿ ಕಾಣುತ್ತಿದೆ. ಬಾಡಿಗೆ ಕೊಟ್ಟ ಮನೆಗೆ ಆಸ್ತಿ ತೆರಿಗೆ ಜಾಸ್ತಿ, ಸ್ವಂತ ವಾಸಕ್ಕೆ ಕಡಿಮೆ ಎಂದು ನೀವು ಪಾಲಿಕೆಗೆ ನಾಲ್ಕೂ ಮನೆಯನ್ನು ಸ್ವಂತ ವಾಸ ಎಂದೇ ಘೋಷಿಸಿದ್ದೀರಿ. ಅಂದಮೇಲೆ ಈ ಗೋಡೆಯ ಬಣ್ಣ ಕೆಡಿಸಿದವರು ನೀವೇ ಆಯಿತು. ಪೇಂಟಿಂಗ್ ಖರ್ಚನ್ನು ನಿಮ್ಮಿಂದಲೇ ಹಿಡಿದುಕೊಂಡು, ಪೂರ್ತಿ ಎರಡೂವರೆ ಲಕ್ಷ ನನಗೆ ವಾಪಸು ಕೊಡಬೇಕಾಗಿ ವಿನಂತಿ.

ಇಂತಿ,
ನಿಮ್ಮ ಮೂರನೇ ಮಹಡಿಯ ಪಾಲುದಾರ