ತರಬೇತಿ ಮುಗಿದು ತಿಂಗಳಾದ ಮೇಲೆ

ಮೂರು ದಿನದ ತರಬೇತಿ ಮುಗಿಸಿ ಬಂದವರನ್ನು ಒಂದು ತಿಂಗಳು ಬಿಟ್ಟು ಮಾತನಾಡಿಸಿ ನೋಡಿ. ಮಧ್ಯಾಹ್ನದ ಊಟಕ್ಕೆ ಹೋಳಿಗೆ ಹಾಕಿದ್ದು ನೆನಪಿರುತ್ತದೆ. ಪಕ್ಕದಲ್ಲಿ ಕೂತಿದ್ದವರ ಊರು, ಅವರ ಮಗಳ ಮದುವೆ ವಿಚಾರ ಎಲ್ಲ ನೆನಪಿರುತ್ತದೆ. ಹೇಳಿಕೊಟ್ಟಿದ್ದೇನು ಅಂದರೆ ಮಾತ್ರ ‘ಚೆನ್ನಾಗಿ ಹೇಳಿದ್ರು, ತುಂಬಾ ವಿಷಯ ಹೇಳಿದ್ರು’ ಅನ್ನುವಲ್ಲಿಗೆ ನಿಲ್ಲುತ್ತದೆ. ‘ಇವರ ತಲೆಗೆ ಹತ್ತಲ್ಲ ಬಿಡಿ’ ಎನ್ನುವ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಸಾಲದ ಕಂತು, ಮಕ್ಕಳ ಫೀಸು, ಅತ್ತೆಯ ಮಾತ್ರೆ, ಹೊಲಕ್ಕೆ ನೀರು ಬಿಡುವ ಸರದಿ, ಇಷ್ಟನ್ನೂ ಬರೆದಿಡದೆ ನಡೆಸುವ ತಲೆ ಅದು. ಅಲ್ಲಿ ಪಾಠ ನಿಲ್ಲಲಿಲ್ಲ ಎಂದರೆ ಪಾಠ ಕಟ್ಟಿದ ರೀತಿಯಲ್ಲೇ ಐಬಿದೆ.

ಇಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ಬಂದದ್ದು ನಮ್ಮ ಬೇಲಿಯಾಚೆಯ ಅಕ್ಕನಿಂದ. ಅವರು ಆಶಾ ಕಾರ್ಯಕರ್ತೆ. ಸಂಜೆ ತಂತಿಯ ಮೇಲಿನ ಬಟ್ಟೆ ತೆಗೆಯಲು ಬಂದಾಗ ನಾಲ್ಕು ಮಾತಾಡುವುದು ರೂಢಿ. ಒಂದು ದಿನ ಹಸುಗೂಸಿನ ಉಸಿರು ಎಣಿಸುವ ವಿಷಯ ಬಂತು. ‘ಕೂಸು ಅಳ್ತಿದ್ರೆ ಎಣಿಸಬಾರದು ಅಣ್ಣಾ. ಸಮಾಧಾನ ಆಗೋವರೆಗೆ ಕಾಯಬೇಕು. ಎದೆನೋ ಹೊಟ್ಟೆನೋ, ಏರಿಳಿಯೋದು ಚೆನ್ನಾಗಿ ಕಾಣೋ ಕಡೆ ಕಣ್ಣಿಡಬೇಕು. ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋ ಹಾಗಿಲ್ಲ. ಅರವತ್ತೋ ಜಾಸ್ತಿನೋ ಬಂದ್ರೆ ಇನ್ನೊಂದ್ಸಲ ಎಣಿಸಬೇಕು. ಆಗಲೂ ಅಷ್ಟೇ ಬಂತು ಅಂದ್ರೆ ತಡಮಾಡದೆ ಆಸ್ಪತ್ರೆಗೆ ಹೊರಡಿಸಬೇಕು.’ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೇಳುತ್ತಲೇ ಇದ್ದರು. ಎಡಗೈ ಗಡಿಯಾರ ಕಣ್ಣಿಗೆ ಕಾಣುವಷ್ಟು ಮೇಲೆದ್ದಿತ್ತು. ಬಲಗೈ ಬೆರಳು ಏರಿಳಿಯುತ್ತಿತ್ತು. ನೋಟ ಒಮ್ಮೆ ಗಡಿಯಾರಕ್ಕೆ, ಒಮ್ಮೆ ಅಲ್ಲಿಲ್ಲದ ಕೂಸಿನ ಹೊಟ್ಟೆಗೆ ಹೋಗಿ ಬರುತ್ತಿತ್ತು.

ಇದೇ ಅಕ್ಕ ಇನ್ನೊಂದು ಒಂದು ದಿನದ ತರಬೇತಿಗೂ ಹೋಗಿಬಂದಿದ್ದರು. ಅದರಲ್ಲಿ ಏನಿತ್ತು ಅಂದರೆ ‘ಬೆಳಗ್ಗೆಯಿಂದ ಸಂಜೆವರೆಗೆ ಗೋಡೆ ಮೇಲೆ ಪಿಪಿಟಿ ಓಡ್ತು’ ಅಂದರು. ಅಷ್ಟೇ. ತಲೆ ಒಂದೇ, ಹೆಂಗಸು ಒಬ್ಬರೇ. ಹಾಗಾದರೆ ಎರಡರ ನಡುವೆ ಬೇರೆ ಇದ್ದದ್ದೇನು?

ನವಜಾತ ಶಿಶುವಿನ ಆರೈಕೆ ಸೇರಿದಂತೆ ಆಶಾಗಳಿಗೆ ಕಲಿಸುವ 6 ಮತ್ತು 7ನೇ ಮಾಡ್ಯೂಲಿನ ತರಬೇತಿ ಒಟ್ಟು 20 ದಿನದ್ದು. ಅದನ್ನು ಒಂದೇ ಉಸಿರಿಗೆ ಮುಗಿಸುವಂತೆ ಕಟ್ಟಿಲ್ಲ. ಐದೈದು ದಿನದ ನಾಲ್ಕು ಸುತ್ತು. ನಡುವೆ ಊರಿಗೆ ಹೋಗಿ ಬಾಣಂತಿ ಮನೆ ಹತ್ತಿಳಿಯಬೇಕು. ಕೂಸು ಕಾಲಾಡಿಸುವಾಗ ಎಣಿಕೆ ತಪ್ಪುತ್ತದೆ, ‘ಇವಳೇನು ನೋಡ್ತಾಳೆ’ ಅಂತ ಅಜ್ಜಿ ಗೊಣಗುತ್ತಾಳೆ. ಮುಂದಿನ ಸುತ್ತಿಗೆ ಬರುವಾಗ ಕೈಯಲ್ಲಿ ನಿಜವಾದ ಪ್ರಶ್ನೆ ಇರುತ್ತದೆ. ಅದರ ಮೇಲೆ ಕೆಲಸವೇ ಪುನರಾವರ್ತನೆ ಮಾಡಿಸುತ್ತದೆ: ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3, 7, 14, 21, 28, 42ನೇ ದಿನ ಮನೆಗೆ ಹೋಗಿ ನೋಡಬೇಕು. ಕಲಿತದ್ದು ಮರೆಯುವಷ್ಟರಲ್ಲಿ ಮತ್ತೊಂದು ಮನೆಯ ಬಾಗಿಲು. ತರಬೇತಿ ಹೀಗೆ ಕೆಲಸದೊಳಗೆ ಹೆಣೆದುಕೊಂಡದ್ದನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಈ ಮನೆಭೇಟಿಯ ಹಿಂದೆ ಮಹಾರಾಷ್ಟ್ರದ ಗಡ್‌ಚಿರೋಲಿಯ ಅನುಭವ ಇದೆ. ಅಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಕಟ್ಟಿದ ‘ಸರ್ಚ್’ ಸಂಸ್ಥೆ ಮಕ್ಕಳ ನ್ಯುಮೋನಿಯಾ ಗುರುತಿಸುವುದನ್ನು ಹಳ್ಳಿಯ ಸೂಲಗಿತ್ತಿಯರಿಗೆ ಕಲಿಸಲು ಹೊರಟಿತು. ಓದು ಬರಹ ಬಾರದವರಿಗೆ ಐವತ್ತು ಅರವತ್ತು ಎಣಿಸು ಎಂದರೆ ಹೇಗೆ? ಮೊದಲು ಎಣಿಕೆಯ ಪಾಠ ಅಂತ ಕೂರಿಸಬಹುದಿತ್ತು. ಬಂಗ್ ದಂಪತಿ ಹಾಗೆ ಮಾಡದೆ, ಒಂದು ನಿಮಿಷದ ಮರಳು ಗಡಿಯಾರ ಮತ್ತು ಮಣಿಗಳ ಸಾಲು ಇರುವ ಒಂದು ಸಾಧನ ಮಾಡಿಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಸುರಿದು ಮುಗಿಯುವ ಮೊದಲು ಸಾಲಿನ ಕೆಂಪು ಮಣಿ ಸರಿಯಿತೆಂದರೆ ಕೂಸಿಗೆ ಅಪಾಯ. ಆಕೆಗೆ ಹತ್ತರವರೆಗಿನ ಎಣಿಕೆ ಗೊತ್ತು, ಅಷ್ಟರ ಮೇಲೆಯೇ ಕಲಿಕೆಯನ್ನು ಕಟ್ಟಿದರು. ದೊಡ್ಡವರಿಗೆ ಕಲಿಸುವ ವಿಚಾರದಲ್ಲಿ ನಾನು ಕೇಳಿದ ಅತ್ಯುತ್ತಮ ಉಪಾಯ ಇದು. ಮುಂದೆ ಅದೇ ಸಂಸ್ಥೆ 39 ಹಳ್ಳಿಗಳಲ್ಲಿ ಅಲ್ಪಸ್ವಲ್ಪ ಓದಿದ ಹೆಂಗಸರಿಗೆ ನವಜಾತ ಶಿಶುಗಳ ಆರೈಕೆ ಕಲಿಸಿತು. ನವಜಾತ ಶಿಶುಗಳ ಮರಣ ಶೇ. 62ರಷ್ಟು ಇಳಿದದ್ದನ್ನು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. 2011ರಲ್ಲಿ ಈ ಮಾದರಿ ದೇಶದ ಆಶಾಗಳ ಕೆಲಸಕ್ಕೆ ಸೇರಿತು.

ಮರೆವು ಎಲ್ಲರಿಗೂ ಇದ್ದದ್ದೇ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪುಸ್ತಕ ಬರೆದ. ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು ಸೋರಿಹೋಗುತ್ತದೆ, ಆಮೇಲೆ ನಿಧಾನ. ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿತರೆ ಹೆಚ್ಚು ನಿಲ್ಲುತ್ತದೆ ಎಂದೂ ಅವನೇ ಕಂಡುಕೊಂಡ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ಹುಡುಗರಿಗೆ ಎರಡು ಪಾಠ ಕೊಟ್ಟು, ಒಂದನ್ನು ಮತ್ತೆ ಓದಿಸಿದರು, ಇನ್ನೊಂದನ್ನು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿಸಿದರು. ಐದು ನಿಮಿಷದ ಮೇಲೆ ಕೇಳಿದರೆ ಮತ್ತೆ ಓದಿದ ಪಾಠ ಮುಂದು. ವಾರದ ಮೇಲೆ ಕೇಳಿದರೆ ನೆನಪಿನಿಂದ ಬರೆದ ಪಾಠ ಮುಂದು: ಶೇ. 42ಕ್ಕೆ ಎದುರು ಶೇ. 56. ತರಬೇತಿಯ ಸಂಜೆಯೇ ‘ಎಲ್ಲ ಅರ್ಥವಾಯ್ತಾ?’ ಅಂತ ಕೇಳಿ ಫೀಡ್‌ಬ್ಯಾಕ್ ಹಾಳೆ ತುಂಬಿಸಿಕೊಂಡರೆ ನಾವು ಅಳೆಯುವುದು ಆ ಐದು ನಿಮಿಷದ ಲೆಕ್ಕವನ್ನೇ.

ಇನ್ನೊಂದು ಮಾತು. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ಮಾಡಿದ್ದರಲ್ಲಿ ಶೇ. 90 ನೆನಪಿರುತ್ತದೆ ಎನ್ನುವ ಪಿರಮಿಡ್ ಚಿತ್ರವನ್ನು ತರಬೇತಿಗಳಲ್ಲಿ ಬಹಳ ತೋರಿಸುತ್ತಾರೆ. ಆ ಅಂಕಿಗಳಿಗೆ ಆಧಾರವಿಲ್ಲ. ಎಡ್ಗರ್ ಡೇಲ್ 1946ರಲ್ಲಿ ಕೊಟ್ಟ ಮೂಲ ಚಿತ್ರದಲ್ಲಿ ಅಂಕಿಗಳೇ ಇರಲಿಲ್ಲ. ಕಲಿಸುವವರು ಅದನ್ನು ಕೈಬಿಡುವುದು ಒಳ್ಳೆಯದು.

ಗದ್ದೆಯ ಕಡೆಯಿಂದಲೂ ಒಂದು ಉದಾಹರಣೆ ಕೊಡುತ್ತೇನೆ. ಕಂದು ಜಿಗಿಹುಳದ ಕಾಟ ನಮ್ಮ ಗಂಗಾವತಿ, ಸಿಂಧನೂರು ಕಡೆಯ ಭತ್ತದ ರೈತರಿಗೂ ಗೊತ್ತು. ಇಂಡೋನೇಷ್ಯಾದಲ್ಲಿ ಔಷಧಿ ಹೊಡೆದಷ್ಟೂ ಅದು ಹೆಚ್ಚಿತು, ಏಕೆಂದರೆ ಅದನ್ನು ತಿನ್ನುವ ಜೇಡಗಳು ಮೊದಲು ಸತ್ತವು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳ ಬಳಕೆ ನಿಷೇಧಿಸಿತು. 1989ರಲ್ಲಿ ರೈತರ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಸುಮಾರು 25 ರೈತರು, ಬೆಳೆ ಮುಗಿಯುವವರೆಗೆ ವಾರಕ್ಕೊಂದು ಬೆಳಗ್ಗೆ, ಗದ್ದೆಯಲ್ಲೇ. ತೆಂಡೆ ಬಿಡಿಸಿ ಹುಳ ಎಣಿಸುವುದು, ಕಂಡದ್ದನ್ನು ದೊಡ್ಡ ಹಾಳೆಯಲ್ಲಿ ಚಿತ್ರ ಬರೆಯುವುದು, ಈ ವಾರ ಏನು ಮಾಡಬೇಕೆಂದು ತಾವೇ ಚರ್ಚಿಸಿ ತೀರ್ಮಾನಿಸುವುದು. ಜೇಡ ಮಿತ್ರನೋ ಶತ್ರುವೋ ಎಂದು ಅನುಮಾನ ಬಂದರೆ ಜೇಡವನ್ನೂ ಜಿಗಿಹುಳವನ್ನೂ ಒಂದೇ ಡಬ್ಬಿಯಲ್ಲಿಟ್ಟು ಕಾದು ನೋಡುವುದು. ಕಲಿಸುವವರು ಕೂಡ ಮೊದಲು ಒಂದು ಬೆಳೆ ಪೂರ್ತಿ ತಾವೇ ಬೆಳೆದು ತಯಾರಾಗುತ್ತಿದ್ದರು. ಕಣ್ಣೆದುರೇ ಜೇಡ ಹುಳವನ್ನು ಹಿಡಿದದ್ದು ನೋಡಿದ ರೈತನಿಗೆ ಆಮೇಲೆ ಯಾರ ಭಾಷಣವೂ ಬೇಡ.

ದೊಡ್ಡವರು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ, ಜೊತೆಗೆ ಇಪ್ಪತ್ತು ಮೂವತ್ತು ವರ್ಷದ ಅನುಭವ ತಂದಿರುತ್ತಾರೆ. ಅವರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಮಾತಾಡಿದರೆ ಗದರಿಸಿ, ಕೊನೆಗೆ ಸಹಿ ಹಾಕಿಸಿ ಕಳಿಸುವುದು ಅವಮಾನ. ‘ನೀವು ಈಗ ಹೇಗೆ ಮಾಡ್ತೀರಿ, ಎಲ್ಲಿ ತೊಂದರೆ ಆಗುತ್ತೆ?’ ಎಂಬ ಪ್ರಶ್ನೆಯಿಂದ ದಿನ ಶುರುವಾಗಲಿ. ಹತ್ತು ವಿಷಯದ ಜಾಗದಲ್ಲಿ ಎರಡಿರಲಿ, ಅವೆರಡನ್ನೂ ಪ್ರತಿಯೊಬ್ಬರೂ ಕೈಯಾರೆ ಮಾಡಲಿ. ಮಧ್ಯಾಹ್ನ ಪುಸ್ತಕ ಮುಚ್ಚಿಸಿ ಬೆಳಗಿನದನ್ನು ಪಕ್ಕದವರಿಗೆ ಹೇಳಿಸಿ.

ತರಬೇತಿಗೆ ಬಜೆಟ್ ಬರೆಯುವವರಲ್ಲಿ ನನ್ನದೊಂದೇ ಕೋರಿಕೆ. ಎರಡು ದಿನಕ್ಕೆ ಹಣ ಇದ್ದರೆ ಎರಡನ್ನೂ ಒಟ್ಟಿಗೆ ಖರ್ಚು ಮಾಡಬೇಡಿ. ಒಂದು ದಿನ ಈಗ ಇಟ್ಟುಕೊಳ್ಳಿ, ಇನ್ನೊಂದನ್ನು ತಿಂಗಳ ನಂತರಕ್ಕೆ ಉಳಿಸಿ, ಅದೇ ಜನರನ್ನು ಮತ್ತೆ ಕರೆಯಿರಿ. ಆ ದಿನ ನೀವು ಮಾತಾಡುವ ಮೊದಲು ಅವರು ಮಾಡಿ ತೋರಿಸಲಿ.