ತಲೆ ಬಗ್ಗಿಸುವ ಫೋಟೋಗ್ರಾಫರ್

ಹುಬ್ಬಳ್ಳಿ-ಧಾರವಾಡದ ಹಳೇ ಮದುವೆಗಳಲ್ಲಿ ಹೆಣ್ಣಿನ ತಂದೆಯಷ್ಟೇ ತಲೆ ಬಗ್ಗಿಸುತ್ತಿದ್ದವನೆಂದರೆ ಫೋಟೋಗ್ರಾಫರ್. ಹೊಟ್ಟೆಯ ಮೇಲಿನ ಯಾಶಿಕಾ ಕ್ಯಾಮೆರಾಕ್ಕೆ ಎರಡು ಕಣ್ಣು: ಮೇಲಿನದು ನೋಡಲಿಕ್ಕೆ, ಕೆಳಗಿನದು ತೆಗೆಯಲಿಕ್ಕೆ. ತಲೆ ಬಗ್ಗಿಸಿ ನೋಡುವ ಗಾಜಿನಲ್ಲಿ ಎಡಬಲ ಅದಲುಬದಲು. “ಮಾಮಾರ, ಈ ಕಡೆ ಸರೀರಿ... ಅಲ್ರೀ, ಆ ಕಡೆ!” ಅನ್ನುವಷ್ಟರಲ್ಲಿ ಮದುಮಗನ ಬಾಸಿಂಗ ಜಾರಿರುತ್ತಿತ್ತು.

120 ರೋಲಿಗೆ ಬರೇ 12 ಚಿತ್ರ. ತಾಳಿ, ಅಕ್ಷತೆ, ಬೀಗರು ಮುಗಿದ ಮೇಲೆ ಉಳಿದ ಬಳಗಕ್ಕೆ ಖಾಲಿ ಫ್ಲ್ಯಾಶ್ ಹೊಡೆದು ಸಮಾಧಾನ ಮಾಡುವುದೂ ವಿದ್ಯೆಯೇ! 1958ರ ಯಾಶಿಕಾ 635ಕ್ಕೆ ಬಿಡಿಭಾಗ ಜೋಡಿಸಿದರೆ 35 ಎಂಎಂ ರೀಲೂ ನಡೆಯುತ್ತಿತ್ತು; ಜಿಪುಣ ಬೀಗರಿಗೆ ಹೇಳಿ ಮಾಡಿಸಿದ್ದು. 1970ರ ಯಾಶಿಕಾ 124ಜಿ ಬೆಳಕಿನ ಮೀಟರ್ ಹೊತ್ತೇ ಬಂತು. ಹಳೇ ಕೈಗಳು ಮಾತ್ರ ಮುಗಿಲು ನೋಡಿ, “ಮಾಡ ಆಗೇತಿ, ಅಪರ್ಚರ್ ಐದು ಪಾಯಿಂಟ್ ಆರು ಇಡೋ ತಮ್ಮಾ” ಅಂದು ಕೆಲಸ ಮುಗಿಸುತ್ತಿದ್ದವು.